ಬಾಗಿಲಕ್ಕನ ಎರಡು ಕಿಲೋಮೀಟರ್

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ವಿಭಾಗದವರು ಮಾತ್ರ. ಉಳಿದವರಿಗೆಲ್ಲ ಅವಳು ಬಾಗಿಲಕ್ಕ. ಹೊಸದಾಗಿ ಸೇರಿದವರು ಮೊದಲ ವಾರ ‘ಮೇಡಂ’ ಎನ್ನುತ್ತಿದ್ದರು. ಎರಡನೆಯ ವಾರಕ್ಕೆ ಅವರೂ ‘ಬಾಗಿಲಕ್ಕಾ, ಒಂದ್ನಿಮಿಷ’ ಎನ್ನುತ್ತ ಅವಳ ಮೇಜಿನ ಪಕ್ಕ ಬಂದು ನಿಲ್ಲುತ್ತಿದ್ದರು.

ಅದು ಮೊಬೈಲ್ ಕಂಪನಿಯ ಕಚೇರಿ. ಯಂತ್ರಗಳಿಗೆ ಬೇಕಾದ ತಂಪನ್ನು ಮನುಷ್ಯರೂ ಸಹಿಸಿಕೊಳ್ಳಬೇಕಿದ್ದ ಒಂದು ಉದ್ದನೆಯ ಕೋಣೆಯಲ್ಲಿ, ಬೂದುಬಣ್ಣದ ಸ್ವೆಟರ್ ಹಾಕಿಕೊಂಡು, ಹದಿನೇಳು ವರ್ಷದಿಂದ ಅವಳು ಕಾಯುತ್ತಿದ್ದ ಬಾಗಿಲು ಕಣ್ಣಿಗೆ ಕಾಣುವಂಥದ್ದಲ್ಲ. ಮೊಬೈಲ್ ಜಾಲಕ್ಕೆ ತನ್ನ ಗಿರಾಕಿಗಳ ಬಗ್ಗೆ ಗೊತ್ತಿರುವುದು ಬಹಳ. ಯಾವ ಫೋನು ಯಾವ ಗೋಪುರದ ಹತ್ತಿರ ಇದೆ, ಅದರೊಳಗಿನ ಸಿಮ್ ನಿನ್ನೆ ಹಾಕಿದ್ದೋ ಹಳೆಯದೋ, ಎಲ್ಲವೂ ಗೊತ್ತು. ಹೊರಗಿನ ಆ್ಯಪ್‌ಗಳಿಗೆ ಇದರಲ್ಲಿ ಸ್ವಲ್ಪ ಸ್ವಲ್ಪ ಬೇಕು. ದೊಡ್ಡ ಮೊತ್ತ ಕಳಿಸುವ ಮುನ್ನ ಬ್ಯಾಂಕಿನ ಆ್ಯಪ್ ‘ಈ ನಂಬರಿನ ಸಿಮ್ ಮೊನ್ನೆ ಮೊನ್ನೆ ಬದಲಾಗಿದೆಯೇ?’ ಎಂದು ಕೇಳುತ್ತದೆ. ಬದಲಾಗಿದ್ದರೆ ಯಾರೋ ಕಳ್ಳ ನಕಲಿ ಸಿಮ್ ತೆಗೆದಿರಬಹುದು. ಆಂಬುಲೆನ್ಸಿನ ಆ್ಯಪ್ ‘ಆಸ್ಪತ್ರೆ ಮುಟ್ಟುವ ತನಕ ಈ ಗಾಡಿಯ ವಿಡಿಯೊ ಕಡಿಯದಂತೆ ದಾರಿ ಬಿಡಿ’ ಎನ್ನುತ್ತದೆ. ಇವರನ್ನೆಲ್ಲ ಜಾಲದ ಒಳಮನೆಗೆ ಬಿಟ್ಟುಕೊಂಡರೆ ಕೆಟ್ಟಿತು. ಮುಖದ ಮೇಲೆ ಬಾಗಿಲು ಹಾಕಿದರೂ ಕೆಟ್ಟಿತು. ಅದಕ್ಕೇ ನಡುವೆ ಒಂದು ಕಾವಲಿನ ಬಾಗಿಲು. ಬಂದ ಆ್ಯಪ್ ತಾನು ಯಾರೆಂದು ಮೊದಲು ರುಜುವಾತು ಮಾಡಬೇಕು. ಯಾವ ಪ್ರಶ್ನೆಗೆ ಅನುಮತಿ ಇದೆಯೋ ಅದನ್ನಷ್ಟೇ ಕೇಳಬೇಕು. ಅದಕ್ಕೆ ಗಿರಾಕಿಯ ಒಪ್ಪಿಗೆ ಇರಬೇಕು. ಉತ್ತರ ಆದಷ್ಟು ಚಿಕ್ಕದಾಗಿರಬೇಕು. ಬಾಗಿಲಲ್ಲಿ ಕೂತವರಿಗೂ ಗಿರಾಕಿಯ ನಂಬರು ಕಾಣಬಾರದೆಂದು ಪ್ರತಿ ನಂಬರಿಗೂ ಒಂದು ಉದ್ದನೆಯ ಅಡ್ಡಹೆಸರಿನ ಮುಸುಕು. ಮುಸುಕು ತೆಗೆಯಬೇಕಾದರೆ ಕಾರಣ ಬರೆದು ಇಬ್ಬರು ಒಪ್ಪಬೇಕು.

‘ಹೆಂಗಸರಿಗೆ ಬಾಯಿ ಜಾಸ್ತಿ ಅಂತೀರಲ್ಲ’ ಎಂದು ಅವಳು ಹೊಸಬರಿಗೆ ಪಾಠ ಹೇಳುವಾಗ ನಗುತ್ತಿದ್ದಳು. ‘ನನ್ನ ಬಾಗಿಲಿಗೆ ಇರೋದು ಎರಡೇ ಮಾತು. ಹೌದು, ಇಲ್ಲ. ಮೂರನೇ ಮಾತು ಯಾರಾದ್ರೂ ಕಲಿಸಿದ್ರೋ, ನನ್ನ ಹತ್ರ ಉಗಿಸ್ಕೋತೀರ.’

ಪಕ್ಕದ ಮೇಜಿನ ಎಂಜಿನಿಯರನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವ ಅಭ್ಯಾಸವಾಗಿ, ಬಗ್ಗಿಸಬೇಕಿಲ್ಲದ ಕಡೆಯಲ್ಲೂ ಬಗ್ಗುತ್ತಿದ್ದ ಮನುಷ್ಯ. ‘ಅಕ್ಕನ ಮನೇಗೆ ಹೋದ್ರೂ ಹಂಗೇ ಕಣ್ರೋ’ ಎನ್ನುತ್ತಿದ್ದ. ‘ಚಹಾ ಬೇಕಾ ಅಂತ ಕೇಳ್ತಾರೆ. ಹೌದು ಅಂದ್ರೆ ಬರುತ್ತೆ. ಬಿಸಿ ಇರಲಿ ಅಂದ್ರೆ, ಆ ಪ್ರಶ್ನೆಗೆ ನಿಮಗೆ ಅನುಮತಿ ಇಲ್ಲ ಅಂತಾರೆ.’

ಈ ಕಟ್ಟುನಿಟ್ಟು ಅವಳಿಗೆ ಬಂದದ್ದು ಅಪ್ಪನಿಂದ. ಅವರು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಸಿಕ್ಕಿಸಿ ಎರಡು ಮನೆಗಳನ್ನು ಜೋಡಿಸುತ್ತಿದ್ದವರು. ಜೋಡಿಸಿದ ಮೇಲೂ ಕಿವಿಯ ಹೆಡ್‌ಫೋನನ್ನು ತೆಗೆಯದೆ ಕೂತರೆ ಊರಿನ ಸಂಸಾರವನ್ನೆಲ್ಲ ಕೇಳಬಹುದಿತ್ತು. ಕೆಲವರು ಕೇಳುತ್ತಿದ್ದರು, ಸಂಜೆ ಹಂಚಿಕೊಂಡು ನಗುತ್ತಲೂ ಇದ್ದರು. ಅಪ್ಪ ಕೇಳಲಿಲ್ಲ. ಮಗಳಿಗೂ ಅದೇ ಹೆಮ್ಮೆ. ಯಾರ ವಿವರವನ್ನೂ, ಕೈಗೆಟುಕುವಂತಿದ್ದರೂ, ಅವಳು ಇಣುಕಿ ನೋಡಿದ್ದಿಲ್ಲ. ತಂಗಿ ಮದುವೆಯಾದ ಹೊಸದರಲ್ಲಿ ಒಂದು ಇಡೀ ದಿನ ಫೋನು ಎತ್ತದಿದ್ದಾಗ ಅಮ್ಮ ಗೋಗರೆದಿದ್ದಳು.

‘ಎಲ್ಲಿದಾಳೆ ಅಂತ ನಿನ್ನ ಮಶೀನಲ್ಲಿ ಒಂಚೂರು ನೋಡೇ.’

‘ಅಮ್ಮಾ, ಅದು ನನ್ನ ಮಶೀನಲ್ಲ.’

‘ಹಾಗಾದ್ರೆ ಅಲ್ಲಿ ಕೂತು ಏನು ಮಾಡ್ತೀಯ?’

‘ಬೇರೆಯವರು ನೋಡದ ಹಾಗೆ ನೋಡ್ಕೋತೀನಿ.’

ಅಮ್ಮ ತಟ್ಟೆಯನ್ನು ಕೊಂಚ ಜೋರಾಗಿಯೇ ಇಟ್ಟಳು. ‘ಚೆನ್ನಾಗಿದೆ. ದೀಪದ ಬುಡ ಕತ್ತಲೆ.’

ತಂಗಿ ಆವತ್ತು ಫೋನು ಎತ್ತದಿದ್ದದ್ದು ಮುರಿದ ಎಡ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿದ್ದುದರಿಂದ. ಮೆಟ್ಟಿಲಿಂದ ಬಿದ್ದೆ ಎಂದಳು. ಎರಡು ವರ್ಷದ ಮೇಲೆ ಅದೇ ಮಣಿಕಟ್ಟು ಮತ್ತೆ ಮುರಿಯಿತು. ಮತ್ತೆ ಮೆಟ್ಟಿಲು. ತಂಗಿಯ ಮನೆಯಿದ್ದದ್ದು ನೆಲಮಹಡಿಯಲ್ಲಿ ಎಂಬುದು ಬಾಗಿಲಕ್ಕನಿಗೆ ಹೊಳೆದದ್ದು ಅಂದು ಅವಳನ್ನು ನೋಡಿಕೊಂಡು ಮರಳುವ ಬಸ್ಸಿನಲ್ಲಿ.

ತಂಗಿಯ ಗಂಡ ಲಿಫ್ಟ್ ಮೆಕ್ಯಾನಿಕ್. ಕುಡಿಯುವವನಲ್ಲ, ಕೂಗುವವನಲ್ಲ. ಅವನ ದನಿ ಎಂದೂ ಏರಿದ್ದನ್ನು ಕೇಳಿದವರಿಲ್ಲ. ಹೆಂಡತಿ ಅಂಗಡಿಗೆ ಹೋದರೆ ಹೋಗಿ ಬರಲು ಎಷ್ಟು ಹೊತ್ತಾಗಬೇಕು ಎಂಬ ಲೆಕ್ಕ ಅವನ ಬಳಿ ಇರುತ್ತಿತ್ತು. ಹೊತ್ತು ಮೀರಿದರೆ ಬಾಗಿಲ ಚಿಲಕ ಹಾಕಿಕೊಂಡು ಒಳಗೆ ಕೂತಿರುತ್ತಿದ್ದ, ಅವಳು ಹೊರಗೆ ನಿಂತು ಕಾರಣ ಹೇಳುವ ತನಕ. ಪೊಲೀಸರ ಬಳಿಗೂ ಒಮ್ಮೆ ಹೋಗಿದ್ದಾಯಿತು. ಅವನನ್ನು ಕರೆಸಿದರು. ಅವನು ಮೆಲ್ಲಗೆ ಮಾತಾಡಿದ. ಸಂಸಾರ ಅಂದ ಮೇಲೆ ಇದ್ದದ್ದೇ ಎಂದು ಇಬ್ಬರನ್ನೂ ಒಟ್ಟಿಗೇ ಮನೆಗೆ ಕಳಿಸಿದರು.

ಕೊನೆಗೆ ಒಂದು ಬೆಳಿಗ್ಗೆ, ಅವನು ಕೆಲಸಕ್ಕೆ ಹೋದ ಮೇಲೆ, ತಂಗಿ ಒಂದು ಕೈಚೀಲ ಹಿಡಿದು ಹೊರಟುಬಿಟ್ಟಳು. ಅಕ್ಕನ ಮನೆಗೆ ಬರುವಂತಿರಲಿಲ್ಲ. ಅವನು ಮೊದಲು ಹುಡುಕುವುದೇ ಅಲ್ಲಿ. ಊರಿನ ಇನ್ನೊಂದು ತುದಿಯಲ್ಲಿ, ಕಾಲುವೆಯ ತಿರುವಿನಲ್ಲಿ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಗಳ ಬೀದಿಗಳಿದ್ದವು. ಅಲ್ಲೊಂದು ಲಾಂಡ್ರಿಯ ಯಜಮಾನಿ ಬಾಗಿಲಕ್ಕನಿಗೆ ಹಳೆಯ ಪರಿಚಯ. ಇಸ್ತ್ರಿಯ ಬಿಸಿ ಉರುಳೆಯ ಅಡಿಯಿಂದ ಬರುವ ಹಾಳೆಯಂಥ ಬಟ್ಟೆಗಳನ್ನು ಮಡಚುವ ಕೆಲಸ, ಹಿಂದುಗಡೆ ಮಲಗಲು ಒಂದು ಕೋಣೆ. ಊರು ದೊಡ್ಡದು. ಇದ್ದ ಭಯ ಒಂದೇ: ಅವನಿಗೆ ಈ ಜಾಗ ಗೊತ್ತಾಗಬಾರದು.

ಹೊರಟ ದಿನ ತಂಗಿ ಫೋನಿನಲ್ಲಿ ಕೇಳಿದ್ದಳು: ‘ಅಕ್ಕಾ, ಈ ನಂಬರ್ ಬಿಸಾಕಿಬಿಡಲಾ?’

ಬಾಗಿಲಕ್ಕ ಯೋಚಿಸಿದಳು. ಅವಳ ಯೋಚನೆಯೆಂದರೆ ಒಂದಾದ ಮೇಲೊಂದು ಮೆಟ್ಟಿಲು. ‘ಫೋನಲ್ಲಿರೋ ಆ್ಯಪ್ ಎಲ್ಲ ತೆಗೆದೆಯಾ?’

‘ತೆಗೆದೆ. ನೀನು ಹೇಳಿದ ಹಾಗೆ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡ್ದೆ.’

‘ಅವನ ಕರೆ ಬರದ ಹಾಗೆ ಮಾಡಿದೀಯಾ?’

‘ಹೂಂ.’

‘ಲೈನು ನಿನ್ನ ಹೆಸರಲ್ಲೇ ಇದೆಯಲ್ಲ?’

‘ನೀನೇ ತಾನೆ ಕೊಡಿಸಿದ್ದು, ಮರ್ತೋಯ್ತಾ?’

ಹೌದು, ಅವಳೇ ಕೊಡಿಸಿದ್ದು. ಮೊದಲ ಸಂಬಳದಲ್ಲಿ, ತಂಗಿ ಇನ್ನೂ ಕಾಲೇಜಿನಲ್ಲಿದ್ದಾಗ, ಸುಲಭವಾಗಿ ನೆನಪಿರುವ ನಂಬರೆಂದು ಹುಡುಕಿ. ಸಂಬಳದ ಖಾತೆಗೆ, ಆಸ್ಪತ್ರೆಗೆ, ಹಳೆಯ ಗೆಳತಿಯರಿಗೆ ಇರುವುದು ಅದೊಂದೇ ನಂಬರು.

‘ಹಾಗಿದ್ರೆ ಇಟ್ಕೋ. ನಮ್ಮ ಜಾಲ ಯಾರಿಗೂ ಏನೂ ಹೇಳಲ್ಲ. ಬಾಗಿಲಲ್ಲಿ ನಾನೇ ಕೂತಿದೀನಲ್ಲ.’

ಲೈನು ಈಗ ಯಾರ ಹೆಸರಿನಲ್ಲಿದೆ ಎಂದು ಕಂಪನಿಯ ಕಡತದಲ್ಲಿ ಒಮ್ಮೆ ನೋಡಿದ್ದರೆ ಸಾಕಿತ್ತು. ಆದರೆ ನೆಂಟರ ವಿವರ ತೆಗೆದು ನೋಡುವುದು ನಿಷಿದ್ಧ, ಅವಳು ನಿಷಿದ್ಧವಾದುದನ್ನು ಮಾಡುವವಳಲ್ಲ.

ವಾರ ಕಳೆದ ಮೇಲೆ ಅವನು ಅಕ್ಕನ ಮನೆಗೆ ಬಂದ. ಚಪ್ಪಲಿಯನ್ನು ಗೋಡೆಗೆ ಸಮವಾಗಿ ಜೋಡಿಸಿ ಒಳಗೆ ಬಂದು, ಉಪಕರಣದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕುಳಿತ. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

‘ಅತ್ತೆ ಆರೋಗ್ಯವಾಗಿದಾರಾ?’ ಎಂದ.

‘ಇದಾರೆ.’

‘ಅವಳೆಲ್ಲಿ ಅಂತ ನಿಮ್ಮನ್ನ ಕೇಳಲ್ಲ ಅತ್ತಿಗೆ. ಕೇಳಿದ್ರೆ ನೀವು ಸುಳ್ಳು ಹೇಳಬೇಕಾಗುತ್ತೆ. ನಿಮಗದು ಬರಲ್ಲ.’

ಅವಳು ಚಹಾದ ಲೋಟವನ್ನು ಅವನ ಮುಂದೆ ಇಟ್ಟಳು.

‘ನಾನು ಆತುರದ ಮನುಷ್ಯ ಅಲ್ಲ. ಮೂವತ್ತು ಮಹಡಿ ಲಿಫ್ಟ್ ಕೆಟ್ಟು ನಿಂತ್ರೆ ಒಂದೊಂದೇ ಮಹಡಿ ಹತ್ತಿ ಹುಡುಕ್ತಾರೆ ಗೊತ್ತಿಲ್ಲದವರು. ನಾನು ನಡುವೆ ನಿಂತು ಒಂದೇ ಪ್ರಶ್ನೆ ಕೇಳ್ತೀನಿ. ದೋಷ ಇಲ್ಲಿಂದ ಮೇಲಾ, ಕೆಳಗಾ? ಅರ್ಧ ಹೋಯ್ತು. ಉಳಿದಿದ್ರಲ್ಲಿ ಮತ್ತೆ ನಡುವೆ ನಿಲ್ತೀನಿ.’ ಅವನು ಎದ್ದ. ‘ನಿಮ್ಮ ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ. ವಾಷರ್ ಹಾಕಿಸಿ.’

ಅವನು ಹೋದ ಮೇಲೆ ಅಮ್ಮ ಬಂದಳು. ‘ಎಷ್ಟು ಮರ್ಯಾದಸ್ಥ ನೋಡು’ ಎಂದವಳು ಅವನು ಮುಟ್ಟದೆ ಬಿಟ್ಟ ಚಹಾವನ್ನು ತೊಟ್ಟಿಗೆ ಸುರಿದು, ಲೋಟವನ್ನು ಎರಡು ಸಲ ತೊಳೆದಳು.

ಈಗ ‘ಮನೆಮಂದಿ’ಯ ವಿಷಯ ಹೇಳಬೇಕು. ಅದೊಂದು ಆ್ಯಪ್. ಮಗು ಶಾಲೆ ಮುಟ್ಟಿತೇ, ದಾರಿ ಮರೆಯುವ ಅಜ್ಜಿ ಬೀದಿ ದಾಟಿ ಹೋದಳೇ ಎಂದು ಮನೆಯವರಿಗೆ ತಿಳಿಸುವಂಥದ್ದು. ಅದನ್ನು ಮಾಡಿದವರು ಎರಡು ವರ್ಷದ ಹಿಂದೆ ಬಂದು, ಫೋನು ಎಲ್ಲಿದೆ ಎಂಬುದನ್ನು ಜಾಲವೇ ಹೇಳಲಿ ಎಂದು ಕೇಳಿದ್ದರು. ಬಾಗಿಲಕ್ಕ ಒಪ್ಪಿರಲಿಲ್ಲ. ಎಲ್ಲಿದೆ ಎಂದು ಹೇಳುವುದಿಲ್ಲ, ನೀವು ನಕ್ಷೆಯ ಮೇಲೆ ಒಂದು ವೃತ್ತ ಬರೆದು ‘ಇದರೊಳಗೆ ಇದೆಯೇ?’ ಎಂದು ಕೇಳಿ, ಹೌದು ಅಥವಾ ಇಲ್ಲ ಎನ್ನುತ್ತೇವೆ ಎಂದಳು. ವೃತ್ತ ಎರಡು ಕಿಲೋಮೀಟರಿಗಿಂತ ಚಿಕ್ಕದಾಗಿರಬಾರದು. ‘ಅಷ್ಟರೊಳಗೆ ಸಾವಿರಾರು ಮನೆ. ಕೆಟ್ಟವನಿಗೆ ಅದರಿಂದ ಏನೂ ದಕ್ಕಲ್ಲ’ ಎಂದು ಸಭೆಯಲ್ಲಿ ವಾದಿಸಿ ಗೆದ್ದಿದ್ದಳು. ಒಪ್ಪಿಗೆ ಯಾರದಿರಬೇಕು ಎಂಬ ಪ್ರಶ್ನೆ ಬಂದಾಗ, ಮಕ್ಕಳ ಲೈನು ಇರುವುದು ಹೆತ್ತವರ ಹೆಸರಿನಲ್ಲಿ, ಆದ್ದರಿಂದ ಲೈನಿನ ಒಡೆಯರ ಒಪ್ಪಿಗೆ ಸಾಕು ಎಂಬ ಸಾಲನ್ನೂ ಅವಳೇ ಬರೆದಳು. ಬರೆಯುವಾಗ ಅವಳ ಕಣ್ಣ ಮುಂದಿದ್ದದ್ದು ಕಳೆದುಹೋದ ಮಕ್ಕಳು. ತಪ್ಪಿಸಿಕೊಂಡು ಹೋಗುವವರೂ ಯಾರದೋ ಮನೆಮಂದಿಯೇ ಎಂಬುದು ಹೊಳೆಯಲಿಲ್ಲ. ಆ ಸಭೆಯಲ್ಲಿದ್ದ ಬೇರೆ ಯಾರಿಗೂ ಹೊಳೆಯಲಿಲ್ಲ.

ತಂಗಿ ಲಾಂಡ್ರಿ ಸೇರಿ ಎರಡು ತಿಂಗಳಾಗಿತ್ತು. ವಾರಕ್ಕೊಮ್ಮೆ ಬಾಗಿಲಿನ ಲೆಕ್ಕ ನೋಡುವುದು ರೂಢಿ: ಯಾವ ಆ್ಯಪ್ ಅತಿಯಾಗಿ ಕೇಳುತ್ತಿದೆ, ಎಲ್ಲಿ ವಿಚಿತ್ರವಾಗಿ ಕೇಳುತ್ತಿದೆ ಎಂದು. ಆ ಬೆಳಿಗ್ಗೆ ಉದ್ದಣ್ಣ ಪರದೆಯನ್ನು ಅವಳ ಕಡೆ ತಿರುಗಿಸಿದ.

‘ಅಕ್ಕಾ, ಇಲ್ಲೊಬ್ಬ ಲೆಕ್ಕದ ಮೇಷ್ಟ್ರು ಸಿಕ್ಕಿದಾನೆ ನೋಡಿ. ಮನೆಮಂದಿಯಿಂದ, ಒಂದೇ ಫೋನಿನ ಬಗ್ಗೆ. ಬೇರೆಯವರು ಶಾಲೆ, ಮನೆ, ಶಾಲೆ, ಮನೆ ಅಂತ ಅದೇ ಎರಡು ವೃತ್ತ ಕೇಳ್ತಾರೆ. ಇವನು ಪ್ರತಿ ಸಲ ಹೊಸ ವೃತ್ತ.’

‘ಮಿತಿ ಮೀರಿದಾನಾ?’

‘ಎಲ್ಲಿ! ದಿನಕ್ಕೆ ಎಷ್ಟು ಅಂತ ಇದೆಯೋ ಅಷ್ಟೇ. ಒಂದು ಜಾಸ್ತಿ ಇಲ್ಲ. ತಾಳ್ಮೆ ಅಂದ್ರೆ ಇವನದು.’

ಬಾಗಿಲಕ್ಕ ಆ ವೃತ್ತಗಳನ್ನು ಒಂದರ ಮೇಲೊಂದು ನಕ್ಷೆಯಲ್ಲಿ ಇಡಿಸಿದಳು. ಮೊದಲು ಊರನ್ನೇ ನುಂಗುವಷ್ಟು ದೊಡ್ಡವು, ಆಮೇಲೆ ಅದರರ್ಧ, ಆಮೇಲೆ ಅದರರ್ಧ. ಎರಡು ಕಿಲೋಮೀಟರಿಗೆ ಇಳಿದ ಮೇಲೆ ಚಿಕ್ಕದಾಗಿಸಲು ಬಾಗಿಲು ಬಿಟ್ಟಿರಲಿಲ್ಲ. ಆಗ ಅವನು ಚಿಕ್ಕದಾಗಿಸುವ ಬದಲು ಸರಿಸಲು ಶುರು ಮಾಡಿದ್ದ. ಕೊಂಚ ಪೂರ್ವಕ್ಕೆ: ಹೌದು. ಇನ್ನೂ ಕೊಂಚ: ಇಲ್ಲ. ಉತ್ತರಕ್ಕೆ: ಹೌದು. ಒಂದು ವೃತ್ತ ಇನ್ನೊಂದನ್ನು ಕಡಿದರೆ ನಡುವೆ ಉಳಿಯುವುದು ಹೂವಿನ ಎಸಳಿನಂಥ ಚೂರು. ಮೂರನೆಯದು ಆ ಎಸಳನ್ನೂ ಕತ್ತರಿಸುತ್ತದೆ. ಪ್ರತಿ ವೃತ್ತವೂ ನಿಯಮದ ಪ್ರಕಾರವೇ ಇತ್ತು. ಎಲ್ಲವೂ ಸೇರಿ ಉಳಿಸಿದ್ದು ನಾಲ್ಕೈದು ಬೀದಿಗಳಷ್ಟು ಜಾಗ.

‘ನಾವು ಇದನ್ನ ಯೋಚಿಸ್ಲೇ ಇಲ್ವಲ್ಲಕ್ಕಾ’ ಎಂದ ಉದ್ದಣ್ಣ, ಅರ್ಧ ಮೆಚ್ಚಿಕೆಯಲ್ಲೇ. ‘ಒಂದೊಂದು ಉತ್ತರಾನೂ ಪಾಪದ್ದು. ಒಟ್ಟು ಸೇರಿಸಿದ್ರೆ...’

ಅವಳು ನಕ್ಷೆಯನ್ನು ಹಿಗ್ಗಿಸಿದಳು. ಎಸಳು ಕೂತಿದ್ದದ್ದು ಕಾಲುವೆಯ ತಿರುವಿನ ಮೇಲೆ.

‘ಅಕ್ಕಾ? ಯಾಕೆ ಬೆವರ್ತಾ ಇದೀರಿ, ಈ ಚಳೀಲಿ?’

‘ಒಪ್ಪಿಗೆ ಯಾರು ಕೊಟ್ಟಿದಾರೆ ನೋಡು.’

‘ಲೈನಿನ ಒಡೆಯರು ಅಂತಿದೆ. ನಮ್ಮ ನಿಯಮದ ಪ್ರಕಾರವೇ.’

‘ಫೋನು ಹಿಡ್ಕೊಂಡಿರೋರನ್ನ ಕೇಳಿದಾರಾ?’

‘ಕೇಳೋ ಹಾಗಿಲ್ವಲ್ಲ. ನೀವೇ ಬರೆದಿದ್ದು.’ ಅವನು ಅವಳ ಮುಖ ನೋಡಿ ತಟ್ಟನೆ ದನಿ ಇಳಿಸಿದ. ‘ಯಾರಕ್ಕಾ ಅದು?’

‘ನನ್ನ ತಂಗಿ ಇರಬಹುದು.’

ಉದ್ದಣ್ಣ ಕುರ್ಚಿ ಹಿಂದಕ್ಕೆ ತಳ್ಳಿದ. ‘ಹಾಗಿದ್ರೆ ನೀವು ಮುಟ್ಟಬೇಡಿ. ನೆಂಟರ ಲೈನು ನೀವು ಮುಟ್ಟೋ ಹಾಗಿಲ್ಲ. ಮುಸುಕು ತೆಗೆಯೋದೂ ಬೇಡ. ಯಾರದಾದ್ರೂ ಆಗಲಿ, ಈ ಅಡ್ಡಹೆಸರಿನ ಮೇಲೆ ಇನ್ನು ಉತ್ತರ ಹೋಗದ ಹಾಗೆ ನಾನೇ ತಡೀತೀನಿ. ದುರುಪಯೋಗದ ಅನುಮಾನ ಅಂತ ಬರೀತೀನಿ.’ ಅವನ ಉದ್ದನೆಯ ಬೆರಳುಗಳು ಕೀಲಿಗಳ ಮೇಲೆ ಓಡಿದವು. ‘ಆಯ್ತು. ಮುಚ್ಚಿದೆ.’

‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದ್ರಂತೆ’ ಎಂದಳು ಬಾಗಿಲಕ್ಕ. ಕೊನೆಯ ‘ಹೌದು’ ಹೋಗಿ ಆಗಲೇ ಮೂರು ದಿನವಾಗಿತ್ತು. ಅಂದರೆ ಹುಡುಕುವವನಿಗೆ ಇನ್ನು ಕೇಳುವುದೇನೂ ಉಳಿದಿರಲಿಲ್ಲ.

ಅವಳು ತಂಗಿಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಹಬೆಗೆ ಕೆಡುತ್ತವೆಂದು ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನುಗಳೂ ಗೋಡೆಯ ಕಪಾಟಿನಲ್ಲಿರುತ್ತಿದ್ದವು. ಯಜಮಾನಿಯ ಫೋನು ಕಾರ್ಯನಿರತ. ಸ್ವೆಟರ್ ತೆಗೆಯುವುದನ್ನೂ ಮರೆತು ಅವಳು ಬೀದಿಗಿಳಿದು ಬಸ್ಸು ಹಿಡಿದಳು.

ಬಸ್ಸಿನಲ್ಲಿ ಮತ್ತೆ ಮತ್ತೆ ಫೋನು ಮಾಡುತ್ತ, ನಡುವೆ ಲೆಕ್ಕ ಹಾಕುತ್ತ ಕೂತಳು. ಎಸಳಿನೊಳಗೆ ಎಷ್ಟು ಲಾಂಡ್ರಿ? ಒಂದು ಹತ್ತು ಹನ್ನೆರಡು. ಬಾಡಿಗೆ ಕೋಣೆಗಳು ನೂರಾರು. ಹೆಂಗಸರು ಬೆಳಕು ಹರಿಯುವ ಮುನ್ನ ಒಳಗೆ ಹೋದರೆ ಸಂಜೆಯ ತನಕ ಹೊರಗೆ ಬರುವುದಿಲ್ಲ. ಬೀದಿ ಗೊತ್ತಾದರೂ ಬಾಗಿಲು ಗೊತ್ತಾಗಬೇಕಲ್ಲ. ಇನ್ನೂ ಹೊತ್ತಿದೆ ಎಂದುಕೊಂಡಳು. ಸೇತುವೆಯ ಬಳಿ ಇಳಿದವಳು ನಡೆಯಲಿಲ್ಲ, ಓಡಿದಳು. ಬೀದಿಯ ಎರಡೂ ಬದಿ ಒಂದೇ ಥರದ ಇಟ್ಟಿಗೆ ಗೋಡೆ, ಒಂದೇ ಥರದ ಕಬ್ಬಿಣದ ಬಾಗಿಲು, ಎಲ್ಲದರ ನೆತ್ತಿಯಿಂದಲೂ ಬಿಳಿ ಹಬೆ. ಅವಳು ಆಚೀಚೆ ನೋಡದೆ ನೇರವಾಗಿ ಒಂದು ಬಾಗಿಲಿಗೆ ಹೋಗಿ ತಟ್ಟಿದಳು.

ಒಳಗೆ ತಂಗಿ ಉರುಳೆಯ ಎದುರು ನಿಂತು ಇನ್ನೊಬ್ಬಳ ಜೊತೆ ಬಿಳಿ ಬಟ್ಟೆಯ ಎರಡು ತುದಿ ಹಿಡಿದಿದ್ದಳು. ಮುಖ ಬಿಸಿಗೆ ಕೆಂಪಾಗಿತ್ತು. ಕೊಂಚ ತುಂಬಿಕೊಂಡೂ ಇತ್ತು. ಅಕ್ಕನನ್ನು ಕಂಡು ಮೊದಲು ನಕ್ಕಳು.

‘ಏನೇ ಇದು, ಕೆಲಸ ಬಿಟ್ಟು? ನಿನ್ನ ಬಾಗಿಲು ಕಾಯೋರು ಯಾರು?’

‘ಹೊರಡು. ಈಗಲೇ. ಅವನಿಗೆ ಈ ಬೀದಿ ಗೊತ್ತಾಗಿದೆ.’

ತಂಗಿಯ ಕಣ್ಣು ಅಕ್ಕನ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಕೈಯಿಂದ ಬಟ್ಟೆ ಜಾರಿತು.

ಅವನು ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ, ಉಪಕರಣದ ಚೀಲ ಹೆಗಲಲ್ಲಿ. ಒಳಗೆ ಕಾಲಿಡಲಿಲ್ಲ.

‘ಮೂರು ದಿನದಿಂದ ಈ ಬೀದಿಗಳಲ್ಲಿ ಕೂತಿದ್ದೆ’ ಎಂದ, ಎಂದಿನ ಮೆಲುದನಿಯಲ್ಲಿ. ‘ಯಾವ ಬಾಗಿಲು ಅಂತ ಗೊತ್ತಾಗಿರಲಿಲ್ಲ. ಥ್ಯಾಂಕ್ಸ್ ಅತ್ತಿಗೆ.’

ಯಂತ್ರಗಳ ಸದ್ದಿನಲ್ಲಿ ಆ ಮಾತು ಉಳಿದವರಿಗೆ ಕೇಳಿಸಿತೋ ಇಲ್ಲವೋ. ಆದರೆ ಬಟ್ಟೆ ಹಿಡಿದಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿದರು. ಯಜಮಾನಿ ಕಿವಿಗೆ ಹಿಡಿದಿದ್ದ ಫೋನನ್ನು ಇಳಿಸಿ ಮುಂದೆ ಬಂದಳು. ಗಿಡ್ಡ ದೇಹ, ಅಗಲ ತೋಳು.

‘ಏನಪ್ಪಾ ಬೇಕು?’

‘ನನ್ನ ಹೆಂಡತಿನ ಕರ್ಕೊಂಡು ಹೋಗೋಕೆ ಬಂದೆ.’

‘ಇಲ್ಲಿ ಕೊಟ್ಟ ಬಟ್ಟೆಗೆ ಚೀಟಿ ಕೊಡ್ತೀವಿ. ನಿನ್ನ ಹತ್ರ ಚೀಟಿ ಇದೆಯಾ? ಇಲ್ಲ ತಾನೆ? ಹೊರಗೆ ನಿಲ್ಲು.’

ಒಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅವನಿಗೆ ಸಿಟ್ಟು ಬರಲಿಲ್ಲ. ‘ಆಗಲಿ. ಪಾಳಿ ಮುಗಿಯೋ ತನಕ ಕಾಯ್ತೀನಿ. ನನಗೇನೂ ಆತುರವಿಲ್ಲ’ ಎಂದು ಎದುರಿನ ಮೋಟುಗೋಡೆಯ ಮೇಲೆ ಹೋಗಿ ಕುಳಿತ. ಯಜಮಾನಿ ಪೊಲೀಸರಿಗೆ ಫೋನು ಮಾಡಿದಳು. ನೋಡೋಣ, ಯಾರನ್ನಾದರೂ ಕಳಿಸುತ್ತೇವೆ ಎಂದರು.

ಮಲಗುವ ಕೋಣೆಯಲ್ಲಿ ತಂಗಿ ಆಗಲೇ ಕೈಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು. ಬಾಗಿಲಕ್ಕ ಮಂಚದ ಅಂಚಿನಲ್ಲಿ ಕುಳಿತಳು.

‘ಲೈನು ಅವನ ಹೆಸರಿಗೆ ಹೇಗೆ ಹೋಯ್ತೇ?’

‘ಮದುವೆ ಆದ ವರ್ಷ ಎಲ್ಲ ನಂಬರೂ ಒಂದೇ ಬಿಲ್ಲಿಗೆ ಹಾಕಿದ್ರೆ ಅಗ್ಗ ಅಂತ ಅವರೇ ಅಂದ್ರು. ಎಲ್ಲೋ ಒಂದು ಸಹಿ ಹಾಕ್ದೆ. ನಂಬರ್ ನನ್ನ ಹತ್ರಾನೇ ಇತ್ತಲ್ಲ, ನಂದೇ ಅಂದ್ಕೊಂಡಿದ್ದೆ.’ ಅವಳು ಚೀಲದ ಜಿಪ್ ಎಳೆದಳು. ‘ಅದರಿಂದ ಇಷ್ಟೆಲ್ಲ ಆಗುತ್ತೆ ಅಂತ ನನಗೇನು ಗೊತ್ತು?’

‘ನನಗೆ ಗೊತ್ತಿರಬೇಕಿತ್ತು.’

‘ಹೌದು’ ಎಂದಳು ತಂಗಿ. ಸಿಟ್ಟಿರಲಿಲ್ಲ. ಆದರೆ ಅಲ್ಲ ಎನ್ನಲೂ ಇಲ್ಲ.

ಹಿಂದಿನ ಬಾಗಿಲಿಗೆ ಹೋಟೆಲುಗಳಿಗೆ ಬಟ್ಟೆ ಒಯ್ಯುವ ವ್ಯಾನು ಬಂದಿತ್ತು. ಯಜಮಾನಿ ಚಾಲಕನಿಗೆ ಏನೋ ಹೇಳುತ್ತಿದ್ದಳು.

‘ಎಲ್ಲಿಗೆ ಹೋಗ್ತೀಯ?’

‘ಹೇಳಲ್ಲ ಅಕ್ಕ.’

‘ನನಗೂನಾ?’

‘ನಿನಗೇ. ಗೊತ್ತಿದ್ರೆ ನೀನು ಸುಮ್ಮನಿರಲ್ಲ. ನನಗೆ ಒಳ್ಳೇದು ಮಾಡೋಕೆ ಬರ್ತೀಯ.’ ಅವಳು ಚೀಲ ಎತ್ತಿಕೊಂಡಳು. ‘ಅಮ್ಮನಿಗೆ ಚೆನ್ನಾಗಿದಾಳೆ ಅನ್ನು. ಫೋನ್ ಮಾಡಲ್ಲ. ನಿಮ್ಮ ನಂಬರಿಗೆ ಫೋನ್ ಮಾಡಿದ್ರೂ ಅದೂ ಎಲ್ಲಾದ್ರೂ ಯಾರಿಗಾದ್ರೂ ಕಾಣುತ್ತೇನೋ, ನನಗೇನು ಗೊತ್ತಾಗುತ್ತೆ? ಯಾವುದು ಕಾಣುತ್ತೆ, ಯಾವುದು ಕಾಣಲ್ಲ ಅಂತ ನೀನು ಹೇಳಿದ್ದನ್ನ ಇಷ್ಟು ದಿನ ನಂಬಿದ್ದೆ.’

‘ಕಾಣಲ್ಲ ಕಣೇ, ಅದು ಕಾಣಲ್ಲ...’

‘ಇದನ್ನೂ ನೀನು ಹೇಳ್ತಾ ಇದೀಯ.’

ತಂಗಿ ಕಪಾಟಿನಿಂದ ತಂದಿದ್ದ ತನ್ನ ಫೋನನ್ನು ಅಕ್ಕನ ಮಡಿಲಲ್ಲಿಟ್ಟಳು. ಒಂದು ಗಳಿಗೆ ಅವಳ ತಲೆಯ ಮೇಲೆ ಕೈಯಿಟ್ಟಳು, ದೊಡ್ಡವಳು ಚಿಕ್ಕವಳ ತಲೆ ನೇವರಿಸುವ ಹಾಗೆ. ಆಮೇಲೆ ವ್ಯಾನಿನ ಒಳಗೆ, ಮಡಚಿ ಪೇರಿಸಿದ ಬಿಳಿ ಬಟ್ಟೆಗಳ ನಡುವೆ ಹೋಗಿ ಕೂತಳು.

‘ಹಿಂದಿನ ಓಣಿ ಅದೇ ಬೀದಿಗೆ ಕೂಡುತ್ತೆ’ ಎಂದಳು ಯಜಮಾನಿ. ‘ವ್ಯಾನ್ ತಿರುಗೋದನ್ನ ಅವನು ನೋಡಬಾರದು.’

ಬಾಗಿಲಕ್ಕ ಎದ್ದು ಮುಂದಿನ ಬಾಗಿಲಿಂದ ಹೊರಗೆ ಬಂದು, ಅವನಿಗೂ ಓಣಿಯ ತಿರುವಿಗೂ ನಡುವೆ, ಅದೇ ಮೋಟುಗೋಡೆಯ ಮೇಲೆ ಕೂತಳು. ಅವನು ಅವಳ ಕಡೆ ತಿರುಗಿದ.

‘ಬರ್ತಾಳಂತಾ?’

‘ಮಾತಾಡ್ಬೇಕು ನಿನ್ನ ಹತ್ರ’ ಎಂದಳು. ಮಾತಾಡಿದಳು. ಏನು ಮಾತಾಡಿದಳೋ ಅವಳಿಗೇ ಆಮೇಲೆ ನೆನಪಿರಲಿಲ್ಲ. ಅಡುಗೆಮನೆಯ ನಲ್ಲಿಗೆ ವಾಷರ್ ಹಾಕಿಸಿದ್ದು, ಅಮ್ಮನ ಮಂಡಿನೋವು, ತಂಗಿ ಚಿಕ್ಕವಳಿದ್ದಾಗ ಕತ್ತಲೆಗೆ ಹೆದರುತ್ತಿದ್ದದ್ದು. ಬೆನ್ನ ಹಿಂದೆ ವ್ಯಾನಿನ ಸದ್ದು ಬಂತು, ತಿರುಗಿತು, ಸೇತುವೆಯ ಕಡೆ ಹೋಯಿತು. ಅವನು ಕೇಳುತ್ತಲೇ ಇದ್ದ, ತಲೆಯನ್ನು ಒಂಚೂರು ವಾಲಿಸಿ, ಯಂತ್ರದ ಶಬ್ದ ಕೇಳುವವನಂತೆ. ಒಮ್ಮೆಲೇ ಕೈಯೆತ್ತಿ ಅವಳ ಮಾತು ನಿಲ್ಲಿಸಿದ.

‘ಹೋದಳಾ?’

‘ಹೂಂ.’

‘ಎಲ್ಲಿಗೆ?’

‘ಗೊತ್ತಿಲ್ಲ.’

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಸುಳ್ಳು ಅವಳಿಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಎದ್ದು, ಚೀಲ ಹೆಗಲಿಗೇರಿಸಿ, ಸೇತುವೆಯ ಕಡೆ ನಡೆದುಹೋದ. ಎಂದಿನ ಹೆಜ್ಜೆಯಲ್ಲೇ.

ನಿಯಮ ಬದಲಾಯಿತು. ಮರುದಿನವೇ ಬಾಗಿಲಕ್ಕ ನಡೆದದ್ದನ್ನೆಲ್ಲ ಮೇಲಿನವರಿಗೆ ತಾನಾಗಿಯೇ ಹೇಳಿದಳು. ಈಗ ಒಪ್ಪಿಗೆಯ ಪ್ರಶ್ನೆ ಹೋಗುವುದು ಫೋನನ್ನು ಕೈಯಲ್ಲಿ ಹಿಡಿದವರಿಗೆ. ನಿಮ್ಮ ಬಗ್ಗೆ ಯಾರು ಕೇಳುತ್ತಿದ್ದಾರೆ ಎಂಬುದೂ ಅವರಿಗೆ ಕಾಣುತ್ತದೆ. ಒಂದನ್ನೊಂದು ಕಡಿಯುವ ವೃತ್ತಗಳಿಗೆ ಬಾಗಿಲು ಉತ್ತರ ಕೊಡುವುದಿಲ್ಲ. ಒಳ್ಳೆಯ ಕೆಲಸ ಎಂದರು. ಉದ್ದಣ್ಣ ಅವಳ ಮುಂದೆ ತಮಾಷೆ ಮಾಡುವುದನ್ನು ಕಡಿಮೆ ಮಾಡಿದ. ಚಹಾ ಮಾತ್ರ ಕೇಳದೆಯೇ ತಂದಿಡುತ್ತಿದ್ದ. ಅವಳು ಅದನ್ನು ಆರಿದ ಮೇಲೆ ಕುಡಿಯುತ್ತಿದ್ದಳು.

ಮನೆಯಲ್ಲಿ ಅಮ್ಮ ಮೊದಮೊದಲು ಪ್ರತಿ ಸಂಜೆ ‘ಚಿಕ್ಕವಳು ಫೋನ್ ಮಾಡಿದ್ಲಾ?’ ಎಂದು ಕೇಳುತ್ತಿದ್ದಳು. ಚಳಿಗಾಲ ಬಂದು ಹೋಯಿತು. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಮಗಳು ಒಳಗೆ ಬಂದೊಡನೆ ಮುಖ ನೋಡುತ್ತಾಳೆ, ನೋಡಿ, ಇಬ್ಬರಿಗೆ ತಟ್ಟೆ ಹಾಕುತ್ತಾಳೆ.